ಗಣಕಯಂತ್ರಗಳ ಓಲೆಕಾರರು
(ಜಾಲದಲ್ಲಿ ಕಡತಗಳನ್ನು ಕಳುಹಿಸುವ ಮತ್ತು ತರಿಸಿಕೊಳ್ಳುವ ಸಾಧನಗಳ ಪರಿಚಯ)

ಒಂದೆಡೆ ಇರುವ ಬರಹವನ್ನು ಮತ್ತೊಂದೆಡೆಗೆ ಸುರಕ್ಷಿತವಾಗಿ ಮುಟ್ಟಿಸುವ ಏರ್ಪಾಡು ಮೈಸೂರಿಗೆ ಹೊಸತಲ್ಲ. ೧೭ನೆಯ ಶತಮಾನದ ಉತ್ತರಾರ್ಧದಲ್ಲಿ ಚಿಕ್ಕದೇವರಾಜ ಒಡೆಯರು ನೆಲೆಗೊಳಿಸಿದ ಅಂಚೆಯ ವ್ಯವಸ್ಥೆಯು ಎರಡು ಶತಮಾನಗಳಿಗೂ ಮಿಕ್ಕಿ ನಡೆದು, ೧೮೮೯ರಲ್ಲಿ ಬ್ರಿಟಿಷ್ ಭಾರತದ ಅಂಚೆ ಇಲಾಖೆಯೊಡನೆ ವಿಲೀನವಾಯಿತು. ಒಬ್ಬ ಓಟಗಾರನು ತನ್ನ ಹಾದಿಯನ್ನು ಮುಗಿಸಿ ಚೀಲವನ್ನು ಮುಂದಿನವನ ಕೈಗೆ ಒಪ್ಪಿಸುವುದು, ಅವನು ಅದನ್ನು ಇನ್ನೂ ಮುಂದಕ್ಕೆ ಒಯ್ಯುವುದು ಆ ವ್ಯವಸ್ಥೆಯ ಕ್ರಮವಾಗಿತ್ತು. ಓಲೆಕಾರನಿಂದ ಸಮಾಜವು ಅಪೇಕ್ಷಿಸುತ್ತಿದ್ದುದು ಮೂರೇ ಗುಣಗಳನ್ನು: ಓಲೆಯು ಗುರಿ ಮುಟ್ಟಬೇಕು, ದಾರಿಯಲ್ಲಿ ಅನ್ಯರು ಅದನ್ನು ಓದಬಾರದು, ಬರೆದದ್ದು ಬರೆದಂತೆಯೇ ತಲಪಬೇಕು. ಇಂದು ಗಣಕಯಂತ್ರಗಳ ನಡುವೆ ಓಲೆಕಾರರಾಗಿ ದುಡಿಯುತ್ತಿರುವ ಸಾಧನಗಳ ಯೋಗ್ಯತೆಯನ್ನೂ ಈ ಮೂರು ಗುಣಗಳಿಂದಲೇ ಅಳೆಯಬೇಕಾಗಿದೆ.

ಗಣಕಯಂತ್ರದಲ್ಲಿ ಒಂದು ಹೆಸರಿನ ಅಡಿಯಲ್ಲಿ ಕೂಡಿಟ್ಟ ಮಾಹಿತಿಗೆ ಕನ್ನಡದಲ್ಲಿ ‘ಕಡತ’ ಎಂಬ ಪದವು ರೂಢಿಗೆ ಬಂದಿದೆ. ಈ ಪದದ ಹಿಂದೆಯೂ ಒಂದು ಇತಿಹಾಸವುಂಟು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಕಪ್ಪನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಜೋಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಹಿಂದಿನ ಕಡತ. ವರ್ತಕರ ಲೆಕ್ಕಪತ್ರಗಳೂ ಮಠಮಾನ್ಯಗಳ ದಾಖಲೆಗಳೂ ಇಂಥ ಕಡತಗಳಲ್ಲಿ ಉಳಿದು ಬಂದಿವೆ. ಬಳಪದ ಬರಹವು ಒರೆಸಿದರೆ ಹೋಗುವಂಥದು. ಗಣಕಯಂತ್ರದ ಕಡತವೂ ಅಷ್ಟೇ ಸುಲಭವಾಗಿ ಅಳಿಯುವಂಥದು. ಆದುದರಿಂದಲೇ ಅದನ್ನು ಒಂದಕ್ಕಿಂತ ಹೆಚ್ಚು ಸ್ಥಳಗಳಲ್ಲಿ ಇರಿಸುವ ವಿದ್ಯೆಯು ಶಾಲೆ, ಗ್ರಂಥಾಲಯ, ಹಸ್ತಪ್ರತಿ ಭಂಡಾರಗಳನ್ನು ನಡೆಸುವವರೆಲ್ಲರಿಗೂ ಅವಶ್ಯವಾಗಿದೆ.

ಆದೇಶಪಂಕ್ತಿ ಎಂದರೇನು?

ಇಂದು ಗಣಕಯಂತ್ರವನ್ನು ಬಳಸುವವರಲ್ಲಿ ಬಹುಪಾಲು ಜನರು ಪರದೆಯ ಮೇಲಿನ ಚಿತ್ರಗಳನ್ನು ಒತ್ತಿ ಕೆಲಸವನ್ನು ಸಾಧಿಸಿಕೊಳ್ಳುತ್ತಾರೆ. ಇದಕ್ಕಿಂತ ಹಳೆಯದಾದ ಮತ್ತೊಂದು ಮಾರ್ಗವೆಂದರೆ, ಆಗಬೇಕಾದುದನ್ನು ಒಂದು ಸಾಲಿನಲ್ಲಿ ಬರೆದು ಯಂತ್ರಕ್ಕೆ ಒಪ್ಪಿಸುವುದು. ಇದನ್ನು ಕಮ್ಯಾಂಡ್ ಲೈನ್ ಅಥವಾ ಆದೇಶಪಂಕ್ತಿ ಎನ್ನುತ್ತಾರೆ. ಕನ್ನಡ ವಾಕ್ಯದಲ್ಲಿ ಕ್ರಿಯಾಪದವು ಕೊನೆಗೆ ಬರುತ್ತದೆ; ಆದೇಶಪಂಕ್ತಿಯಲ್ಲಿ ಕ್ರಿಯೆಯೇ ಮೊದಲು. ‘ನಕಲಿಸು’ ಎಂಬ ಅರ್ಥದ ಹೆಸರು ಮೊದಲಿಗೆ, ಆ ಕ್ರಿಯೆಯನ್ನು ಹೇಗೆ ನಡೆಸಬೇಕೆಂಬ ಸೂಚನೆಗಳು ಅನಂತರ, ಯಾವ ಕಡತವೆಂಬುದು ಆಮೇಲೆ, ಎಲ್ಲಿಗೆ ಎಂಬುದು ಕಟ್ಟಕಡೆಗೆ. ಇದು ಸಾಮಾನ್ಯವಾದ ಕ್ರಮ. ಪದಗಳ ನಡುವಣ ತೆರಪೇ ಇಲ್ಲಿ ವ್ಯಾಕರಣ. ಕಡತದ ಹೆಸರಿನೊಳಗೆ ತೆರಪು ಇದ್ದರೆ ಯಂತ್ರವು ಒಂದು ಹೆಸರನ್ನು ಎರಡೆಂದು ಭಾವಿಸುತ್ತದೆ. ಆದಕಾರಣ ಅನುಭವಿಗಳು ಹೆಸರುಗಳನ್ನು ತೆರಪಿಲ್ಲದೆ ಇಡುತ್ತಾರೆ. ಇಲ್ಲವೆ ಉದ್ಧರಣ ಚಿಹ್ನೆಗಳ ನಡುವೆ ಬರೆಯುತ್ತಾರೆ.

ಚಿತ್ರಗಳನ್ನು ಒತ್ತುವ ಸುಲಭ ಮಾರ್ಗವಿರುವಾಗ ಈ ಕಠಿಣ ಮಾರ್ಗವೇಕೆ ಎಂಬ ಪ್ರಶ್ನೆ ಸಹಜವಾದುದು. ಒತ್ತಿದ ಗುಂಡಿಯ ನೆನಪು ಎಲ್ಲಿಯೂ ಉಳಿಯುವುದಿಲ್ಲ. ಬರೆದ ಆದೇಶವು ಉಳಿಯುತ್ತದೆ. ಅದನ್ನು ಕಾಗದದಲ್ಲಿ ಬರೆದಿಡಬಹುದು, ಮರುದಿನ ಹಾಗೆಯೇ ನಡೆಸಬಹುದು, ನಡುರಾತ್ರಿಯಲ್ಲಿ ತಾನಾಗಿ ನಡೆಯುವಂತೆ ವೇಳೆ ಗೊತ್ತುಪಡಿಸಬಹುದು. ಒಬ್ಬ ಸಿಬ್ಬಂದಿಯು ನಿವೃತ್ತನಾದರೆ ಅವನ ಸ್ಥಾನಕ್ಕೆ ಬಂದವನು ಆ ಸಾಲುಗಳನ್ನು ಓದಿ, ಏನು ನಡೆಯುತ್ತಿತ್ತೆಂಬುದನ್ನು ತಿಳಿಯಬಹುದು. ಸಂಸ್ಥೆಗಳು ವ್ಯಕ್ತಿಗಳಿಗಿಂತ ದೀರ್ಘಕಾಲ ಬಾಳುವಂಥವು. ಅವುಗಳಿಗೆ ಬರೆದಿಟ್ಟ ಕ್ರಮವೇ ಮೇಲು.

ಮೊದಲ ನಡಾವಳಿ

ಬೇರೆ ಬೇರೆ ತಯಾರಕರ, ಬೇರೆ ಬೇರೆ ಸ್ವಭಾವದ ಎರಡು ಯಂತ್ರಗಳು ಪರಸ್ಪರ ಕಡತಗಳನ್ನು ವಿನಿಮಯ ಮಾಡಿಕೊಳ್ಳಬೇಕಾದರೆ ಇಬ್ಬರಿಗೂ ಒಪ್ಪಿತವಾದ ಒಂದು ನಡಾವಳಿ ಬೇಕು. ಯಾರು ಮೊದಲು ಮಾತನಾಡಬೇಕು, ಹೆಸರನ್ನು ಹೇಗೆ ಹೇಳಬೇಕು, ಕಡತ ಮುಗಿಯಿತೆಂಬುದನ್ನು ಹೇಗೆ ಸೂಚಿಸಬೇಕು ಎಂಬುವನ್ನೆಲ್ಲ ಅದು ನಿಗದಿಪಡಿಸುತ್ತದೆ. ಅಂತಹ ನಡಾವಳಿಯ ಮೊದಲ ಕರಡನ್ನು ಸಿದ್ಧಪಡಿಸಿದವರು ಒಬ್ಬ ಭಾರತೀಯರೆಂಬುದು ಹೆಮ್ಮೆಯ ಸಂಗತಿ. ಕಾನ್ಪುರದ ಐಐಟಿಯ ಪ್ರಥಮ ತಂಡದಲ್ಲಿ ಪದವಿ ಪಡೆದು, ಉನ್ನತ ವ್ಯಾಸಂಗಕ್ಕಾಗಿ ಅಮೆರಿಕದ ಎಂಐಟಿಗೆ ತೆರಳಿದ್ದ ಅಭಯ್ ಭೂಷಣ್ ಅವರು ೧೯೭೧ರ ಏಪ್ರಿಲ್ ತಿಂಗಳಿನಲ್ಲಿ ಈ ಕರಡನ್ನು ಪ್ರಕಟಿಸಿದರು. ಅಂತರ್ಜಾಲದ ಪೂರ್ವರೂಪವಾದ ಅರ್ಪಾನೆಟ್ ಆಗಿನ್ನೂ ಶೈಶವಾವಸ್ಥೆಯಲ್ಲಿತ್ತು. ಹಲವು ಪರಿಷ್ಕರಣಗಳ ಅನಂತರ ೧೯೮೫ರ ಅಕ್ಟೋಬರಿನಲ್ಲಿ ಎಫ್‌ಟಿಪಿ ಎಂಬ ಈ ನಡಾವಳಿಯು ಬಹುಕಾಲ ಬಾಳಿದ ರೂಪವನ್ನು ಪಡೆಯಿತು.

ಎಫ್‌ಟಿಪಿಯಲ್ಲಿ ಎರಡು ಯಂತ್ರಗಳ ನಡುವೆ ಎರಡು ಸಂಪರ್ಕಗಳು ಏರ್ಪಡುತ್ತವೆ. ಮಾತುಕತೆಗೆ ಒಂದು, ಸರಕಿಗೆ ಇನ್ನೊಂದು. ೨೧ನೆಯ ಸಂಖ್ಯೆಯ ದ್ವಾರದಲ್ಲಿ ಆದೇಶ ಮತ್ತು ಉತ್ತರಗಳು ನಡೆಯುತ್ತವೆ. ಕಡತವು ಪ್ರತ್ಯೇಕವಾದ ದ್ವಾರದಿಂದ ಸಾಗುತ್ತದೆ. ಬಳಕೆದಾರನು ‘ಗೆಟ್’ ಎಂದರೆ ದೂರದ ಕಡತವು ಇತ್ತ ಬರುತ್ತದೆ. ‘ಪುಟ್’ ಎಂದರೆ ಇಲ್ಲಿಯದು ಅತ್ತ ಹೋಗುತ್ತದೆ. ‘ಬೈ’ ಎಂದರೆ ಮಾತುಕತೆ ಮುಗಿಯುತ್ತದೆ.

ಈ ಸಾಧನವನ್ನು ಹೊಸದಾಗಿ ಬಳಸಿದವರು ಎಡವುತ್ತಿದ್ದ ಒಂದು ಸ್ಥಳವನ್ನು ಇಲ್ಲಿ ವಿವರಿಸುವುದು ಯುಕ್ತ. ಎಫ್‌ಟಿಪಿಯಲ್ಲಿ ಸಾಗಾಣಿಕೆಗೆ ಎರಡು ಮುಖ್ಯ ವಿಧಾನಗಳುಂಟು. ಒಂದು ಬರಹಕ್ಕೆ ಮೀಸಲಾದ ಆಸ್ಕಿ ವಿಧಾನ, ಮತ್ತೊಂದು ಬೈನರಿ ವಿಧಾನ. ಸಾಲು ಮುಗಿಯಿತೆಂಬುದನ್ನು ಕೆಲವು ಯಂತ್ರಗಳು ೧೦ ಎಂಬ ಒಂದೇ ಸಂಖ್ಯೆಯಿಂದ ಗುರುತಿಸಿದರೆ, ಮತ್ತೆ ಕೆಲವು ೧೩ ಮತ್ತು ೧೦ ಎಂಬ ಎರಡು ಸಂಖ್ಯೆಗಳಿಂದ ಗುರುತಿಸುತ್ತವೆ. ಆಸ್ಕಿ ವಿಧಾನವು ದಾರಿಯಲ್ಲಿ ಈ ಗುರುತನ್ನು ಬದಲಿಸಿಕೊಡುತ್ತದೆ. ಬರಹಕ್ಕೆ ಇದು ಉಪಕಾರ. ಛಾಯಾಚಿತ್ರಕ್ಕೆ ಮಾತ್ರ ಅಪಕಾರ. ಚಿತ್ರದಲ್ಲಿ ೧೦ ಎಂಬ ಸಂಖ್ಯೆಯು ಸಾಲಿನ ಕೊನೆಯಲ್ಲ, ಬಣ್ಣದ ಒಂದು ಅಂಶವಾಗಿರುತ್ತದೆ. ಓಲೆಕಾರನು ಅದರ ಹಿಂದೆ ತನ್ನದೊಂದು ೧೩ನ್ನು ಸೇರಿಸಿದನೆಂದರೆ ಚಿತ್ರವು ಕೆಟ್ಟಿತು. ಕಡತವು ಬಂದಿರುತ್ತದೆ, ಹೆಸರೂ ಸರಿಯಾಗಿರುತ್ತದೆ, ತೆರೆದರೆ ಏನೂ ಕಾಣದು. ಓಲೆಕಾರನು ಓಲೆಯನ್ನು ತಿದ್ದುವ ಉತ್ಸಾಹ ತೋರಬಾರದೆಂಬ ಪಾಠವನ್ನು ಈ ಅನುಭವವು ಕಲಿಸಿತು. ಅನಂತರ ಬಂದ ಸಾಧನಗಳಲ್ಲಿ ಬಹುತೇಕ ಎಲ್ಲವೂ ಕಡತವನ್ನು ಇದ್ದಂತೆಯೇ ಒಯ್ಯುತ್ತವೆ.

ಭಾರತದಲ್ಲಿ ಜಾಲದ ಉದಯ

ಅಂತರ್ಜಾಲವು ಜನಸಾಮಾನ್ಯರಿಗೆ ದೊರೆಯುವುದಕ್ಕೆ ಬಹಳ ಮುಂಚೆಯೇ ಭಾರತದ ವಿದ್ಯಾಸಂಸ್ಥೆಗಳು ಜಾಲದಿಂದ ಬೆಸೆದುಕೊಂಡವು. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನೊಡನೆ ೧೯೮೬ರಲ್ಲಿ ಅರ್ನೆಟ್ ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲವನ್ನು ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು, ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ ಹಾಗೂ ದೆಹಲಿಯ ಇಲಾಖೆ ಅದರಲ್ಲಿ ಮೊದಲಿಗೆ ಪಾಲುಗೊಂಡವು. ೧೯೮೫ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ತನ್ನ ವಿನ್ಯಾಸಗಳನ್ನು ಸಾಗರದಾಚೆಗೆ ಕಳುಹಿಸಲು ಉಪಗ್ರಹ ಸಂಪರ್ಕವನ್ನೇ ಅಳವಡಿಸಿಕೊಂಡಿತು. ಸಾಮಾನ್ಯ ಜನರಿಗೆ ಅಂತರ್ಜಾಲ ಸೇವೆ ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು, ವಿದೇಶ ಸಂಚಾರ ನಿಗಮದ ಮೂಲಕ.

ಅರ್ನೆಟ್ಟಿನ ಮೊದಲ ವರ್ಷಗಳಲ್ಲಿ ಬಳಕೆಯಲ್ಲಿದ್ದ ಓಲೆಕಾರನ ಹೆಸರು ಯುಯುಸಿಪಿ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ೧೯೭೦ರ ದಶಕದಲ್ಲಿ ರೂಪುಗೊಂಡ ಈ ಸಾಧನದ ರೀತಿಯು ಮೈಸೂರಿನ ಹಳೆಯ ಅಂಚೆಯನ್ನೇ ನೆನಪಿಗೆ ತರುತ್ತದೆ. ಎರಡು ಯಂತ್ರಗಳು ಸದಾ ಸಂಪರ್ಕದಲ್ಲಿ ಇರಬೇಕಾದುದಿಲ್ಲ. ಒಂದು ಯಂತ್ರವು ದಿನದ ಕಡತಗಳನ್ನೆಲ್ಲ ಕೂಡಿಟ್ಟುಕೊಂಡು, ಗೊತ್ತಾದ ಹೊತ್ತಿನಲ್ಲಿ ದೂರವಾಣಿಯ ಮೂಲಕ ನೆರೆಯ ಯಂತ್ರವನ್ನು ಕರೆದು ಕಟ್ಟನ್ನು ಒಪ್ಪಿಸುತ್ತಿತ್ತು. ಅದು ಮತ್ತೊಂದನ್ನು ಕರೆದು ಮುಂದಕ್ಕೆ ಸಾಗಿಸುತ್ತಿತ್ತು. ಪತ್ರವು ಯಾವ ಯಾವ ಯಂತ್ರಗಳ ಮೂಲಕ ಹೋಗಬೇಕೆಂಬ ದಾರಿಯನ್ನು ಕಳುಹಿಸುವವನೇ, ಹೆಸರುಗಳ ನಡುವೆ ಆಶ್ಚರ್ಯಸೂಚಕ ಚಿಹ್ನೆಯನ್ನಿಟ್ಟು, ಬರೆಯಬೇಕಾಗಿತ್ತು. ನಡುವಣ ಒಂದು ಯಂತ್ರವು ಕೆಟ್ಟರೆ ಓಲೆಯು ಅಲ್ಲಿಯೇ ತಂಗುತ್ತಿತ್ತು.

ಮುದ್ರೆಯೊತ್ತಿದ ಲಕೋಟೆ

ಎಫ್‌ಟಿಪಿಯ ಬಹುದೊಡ್ಡ ಕೊರತೆಯು ಅದರ ಮುಗ್ಧತೆಯಲ್ಲಿದೆ. ಬಳಕೆದಾರನ ಹೆಸರನ್ನೂ ಗುಪ್ತಪದವನ್ನೂ ಅದು ಮರೆಯಿಲ್ಲದೆ ತೆರೆದ ಕಾಗದದಂತೆ ಒಯ್ಯುತ್ತದೆ. ಪರಸ್ಪರ ಪರಿಚಿತರಾದ ಕೆಲವೇ ವಿದ್ವಾಂಸರ ನಡುವೆ ಹುಟ್ಟಿದ ಜಾಲದಲ್ಲಿ ಇದರಿಂದ ತೊಂದರೆ ಇರಲಿಲ್ಲ. ಜಾಲವು ಸಂತೆಯಂತೆ ಬೆಳೆದಾಗ, ದಾರಿಯಲ್ಲಿ ಕುಳಿತು ಗುಪ್ತಪದಗಳನ್ನು ಹೆಕ್ಕುವವರೂ ಬೆಳೆದರು. ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾನಿಲಯದ ಜಾಲದಲ್ಲಿ ಇಂಥದೊಂದು ಕಳವು ನಡೆದುದನ್ನು ಕಂಡು, ಅಲ್ಲಿಯ ಸಂಶೋಧಕ ತಾತು ಯ್ಲೋನೆನ್ ೧೯೯೫ರಲ್ಲಿ ಎಸ್‌ಎಸ್‌ಎಚ್ ಎಂಬ ನಡಾವಳಿಯನ್ನು ರಚಿಸಿದರು. ಅದಕ್ಕೆ ದೊರೆತ ದ್ವಾರದ ಸಂಖ್ಯೆ ೨೨. ಇದರಲ್ಲಿ ಎರಡು ಯಂತ್ರಗಳು ಮೊದಲು ತಮ್ಮೊಳಗೆ ಒಂದು ಗುಟ್ಟನ್ನು ನಿಶ್ಚಯಿಸಿಕೊಂಡು, ಮುಂದಿನ ಮಾತನ್ನೆಲ್ಲ ಗೂಢಲಿಪಿಯಲ್ಲಿ ಆಡುತ್ತವೆ. ದಾರಿಯಲ್ಲಿ ಕದ್ದು ನೋಡಿದವನಿಗೆ ಅರ್ಥಹೀನವಾದ ಸಂಖ್ಯೆಗಳಲ್ಲದೆ ಬೇರೇನೂ ಸಿಗದು. ೧೯೯೯ರಲ್ಲಿ ಹೊರಬಂದ ಓಪನ್ ಎಸ್‌ಎಸ್‌ಎಚ್ ಎಂಬ ಮುಕ್ತ ಆವೃತ್ತಿಯಿಂದ ಇದು ಜಗತ್ತಿನಾದ್ಯಂತ ಹರಡಿತು.

ಈ ಗೂಢಮಾರ್ಗದಲ್ಲಿ ಕಡತಗಳನ್ನು ಸಾಗಿಸುವ ಸಾಧನಗಳು ಎರಡು. ಎಸ್‌ಸಿಪಿಯು ಒಂದೇ ಸಾಲಿನ ಆದೇಶದಿಂದ ಕೆಲಸ ಮುಗಿಸುತ್ತದೆ. ಎಸ್‌ಎಫ್‌ಟಿಪಿಯಲ್ಲಿ ಹಳೆಯ ಎಫ್‌ಟಿಪಿಯಂತೆ ಮಾತುಕತೆ ನಡೆಸುತ್ತ, ದೂರದ ಯಂತ್ರದ ಫೋಲ್ಡರುಗಳಲ್ಲಿ ತಿರುಗಾಡುತ್ತ, ಬೇಕಾದುದನ್ನು ಆರಿಸಬಹುದು. ಎಸ್‌ಸಿಪಿಯಲ್ಲಿ ಗಮನಿಸಬೇಕಾದದ್ದು ವಿವರಣಚಿಹ್ನೆಯನ್ನು, ಎಂದರೆ ಮೇಲೊಂದು ಕೆಳಗೊಂದು ಇಡುವ ಎರಡು ಬಿಂದುಗಳನ್ನು. ಯಂತ್ರದ ಹೆಸರಾದ ಮೇಲೆ ಈ ಚಿಹ್ನೆ ಇದ್ದರೆ ಅದು ದೂರದ ವಿಳಾಸ. ಮರೆತರೆ ಸಾಧನವು ಸಿಡುಕುವುದಿಲ್ಲ. ಆ ಯಂತ್ರದ ಹೆಸರನ್ನೇ ಹೊಸ ಕಡತದ ಹೆಸರೆಂದು ತಿಳಿದು, ಇದ್ದಲ್ಲಿಯೇ ಒಂದು ನಕಲನ್ನು ಮಾಡಿ ಸುಮ್ಮನಾಗುತ್ತದೆ. ಕಳುಹಿಸಿದವನು ಕಡತವು ಊರು ಬಿಟ್ಟಿತೆಂದು ನಂಬಿ ನಿಶ್ಚಿಂತನಾಗಿರುತ್ತಾನೆ! ಹಳೆಯ ಎಸ್‌ಸಿಪಿ ನಡಾವಳಿಯಲ್ಲಿ ಕಂಡುಬಂದ ದೋಷಗಳ ಕಾರಣ, ೨೦೨೨ರ ಏಪ್ರಿಲ್‌ನಲ್ಲಿ ಹೊರಬಂದ ಓಪನ್ ಎಸ್‌ಎಸ್‌ಎಚ್ ಆವೃತ್ತಿಯಿಂದ ಈಚೆಗೆ ಆ ಆದೇಶವು ಹಳೆಯ ಹೆಸರನ್ನು ಉಳಿಸಿಕೊಂಡು ಒಳಗೆ ಎಸ್‌ಎಫ್‌ಟಿಪಿಯ ನಡಾವಳಿಯನ್ನೇ ಅನುಸರಿಸುತ್ತಿದೆ.

ಲಕೋಟೆಗೆ ಮುದ್ರೆ ಇದ್ದರಷ್ಟೇ ಸಾಲದು. ಅದನ್ನು ಸರಿಯಾದವರ ಕೈಗೇ ಕೊಡಬೇಕು. ಹೊಸ ಯಂತ್ರವೊಂದರೊಡನೆ ಮೊದಲ ಬಾರಿ ಸಂಪರ್ಕಿಸಿದಾಗ ಎಸ್‌ಎಸ್‌ಎಚ್ ಆ ಯಂತ್ರದ ‘ಬೆರಳಚ್ಚ’ನ್ನು ತೋರಿಸಿ, ಮುಂದುವರಿಯಬಹುದೇ ಎಂದು ಕೇಳುತ್ತದೆ. ಹೆಚ್ಚಿನವರು ಓದದೆಯೇ ಒಪ್ಪಿಗೆ ನೀಡುತ್ತಾರೆ. ಆ ಯಂತ್ರವನ್ನು ನೋಡಿಕೊಳ್ಳುವವರಿಗೆ ದೂರವಾಣಿಯಲ್ಲಿ ಮಾತನಾಡಿ, ಅಕ್ಷರಗಳನ್ನು ಓದಿಸಿ ಹೋಲಿಸಿ ನೋಡುವುದೇ ಸರಿಯಾದ ಕ್ರಮ. ಒಮ್ಮೆ ಒಪ್ಪಿದ ಬೆರಳಚ್ಚು ಮುಂದೆಂದಾದರೂ ಬದಲಾಗಿ ಕಂಡರೆ ಸಾಧನವು ಎಚ್ಚರಿಸುತ್ತದೆ. ಯಂತ್ರವನ್ನು ಹೊಸದಾಗಿ ಸಿದ್ಧಪಡಿಸಿದ್ದರೆ ಹಾಗಾಗುವುದುಂಟು. ನಡುವೆ ವಂಚಕನು ನಿಂತಿದ್ದರೂ ಹಾಗಾಗುವುದುಂಟು. ಕಾರಣ ತಿಳಿಯದೆ ಆ ಎಚ್ಚರಿಕೆಯನ್ನು ದಾಟಬಾರದು.

ತರಿಸಿಕೊಳ್ಳುವ ಸಾಧನಗಳು

ಎಲ್ಲರಿಗಾಗಿ ಪ್ರಕಟವಾದ ಕಡತಗಳನ್ನು ಜಾಲತಾಣಗಳಿಂದ ತರಿಸಿಕೊಳ್ಳಲು ಎರಡು ಸಾಧನಗಳು ಪ್ರಸಿದ್ಧವಾಗಿವೆ. ಕ್ರೊಯೇಷಿಯದ ಹ್ರವೊಯೆ ನಿಕ್ಷಿಚ್ ೧೯೯೬ರಲ್ಲಿ ಆರಂಭಿಸಿದ ಡಬ್ಲ್ಯುಗೆಟ್ ಒಂದು. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರಿ ೧೯೯೮ರಲ್ಲಿ ಆ ಹೆಸರಿನಿಂದ ಹೊರತಂದ ಕರ್ಲ್ ಮತ್ತೊಂದು. ಡಬ್ಲ್ಯುಗೆಟ್ ತಾಳ್ಮೆಯ ಆಳು. ಸಂಪರ್ಕವು ಕಡಿದುಹೋದರೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ‘ಸಿ’ ಎಂಬ ಸೂಚನೆಯನ್ನು ಕೊಟ್ಟರೆ, ಎದುರಿನ ಸರ್ವರ್ ಅವಕಾಶ ನೀಡಿದಲ್ಲಿ, ನಿಂತ ಸ್ಥಳದಿಂದಲೇ ಮುಂದುವರಿಸುತ್ತದೆ. ಪುಟದಿಂದ ಪುಟಕ್ಕೆ ಕೊಂಡಿಗಳನ್ನು ಹಿಡಿದು ಹೋಗಿ ಇಡೀ ಜಾಲತಾಣದ ಪ್ರತಿಯನ್ನೇ ತರುವ ಶಕ್ತಿಯೂ ಅದಕ್ಕುಂಟು. ಕರ್ಲ್ ಬಹುಭಾಷಾ ದುಭಾಷಿ. ಹತ್ತಾರು ನಡಾವಳಿಗಳನ್ನು ಅರಿತಿದ್ದು, ತರಿಸುವಂತೆ ಕಳುಹಿಸಲೂ ಬಲ್ಲುದು. ದೂರವಾಣಿ, ಮೋಟಾರು ವಾಹನ, ದೂರದರ್ಶನ ಪೆಟ್ಟಿಗೆ ಮೊದಲಾದ ಉಪಕರಣಗಳ ಒಳಗೂ ಅದರ ಅಂಶವು ಸದ್ದಿಲ್ಲದೆ ದುಡಿಯುತ್ತಿದೆ. ೨೦೧೮ರಿಂದ ವಿಂಡೋಸ್ ೧೦ರಲ್ಲಿಯೂ ಕರ್ಲ್ ಮತ್ತು ಎಸ್‌ಎಸ್‌ಎಚ್ ಸಾಧನಗಳು ಸೇರಿಯೇ ಬರುತ್ತಿರುವುದರಿಂದ ಸಾಧಾರಣ ಶಾಲೆಯ ಯಂತ್ರದಲ್ಲಿಯೂ ಇವನ್ನು ಬೇರೆಯಾಗಿ ಕೊಳ್ಳಬೇಕಾಗಿಲ್ಲ. ಇದಕ್ಕೆ ಪ್ರತಿಯಾಗಿ, ಹಿರಿಯನಾದ ಎಫ್‌ಟಿಪಿಗೆ ಕ್ರೋಮ್, ಫೈರ್‌ಫಾಕ್ಸ್ ಮೊದಲಾದ ಬ್ರೌಸರುಗಳು ೨೦೨೧ರಲ್ಲಿ ಬಾಗಿಲು ಮುಚ್ಚಿದವು.

ವ್ಯತ್ಯಾಸವನ್ನಷ್ಟೇ ಒಯ್ಯುವ ಜಾಣ್ಮೆ

ಮೈಸೂರಿನ ಒಂದು ಸಂಸ್ಥೆಯಲ್ಲಿ ೨೫೦ ಗರಿಗಳ ಒಂದು ತಾಳೆಯೋಲೆ ಕಟ್ಟು ಇದೆಯೆಂದೂ, ಎರಡೂ ಬದಿಗಳಿಂದ ೫೦೦ ಚಿತ್ರಗಳನ್ನು ತೆಗೆಯಲಾಗಿದೆಯೆಂದೂ ಭಾವಿಸಬಹುದು. ಒಂದೊಂದು ಚಿತ್ರವೂ ೪೦ ಮೆಗಾಬೈಟ್ ಆದರೆ ಒಟ್ಟು ೨೦,೦೦೦ ಮೆಗಾಬೈಟ್. ಸೆಕೆಂಡಿಗೆ ೨೦ ಮೆಗಾಬಿಟ್ ವೇಗದ ಸಂಪರ್ಕದಲ್ಲಿ, ಒಂದು ಬೈಟಿಗೆ ೮ ಬಿಟ್ಟುಗಳ ಲೆಕ್ಕದಂತೆ, ಇದನ್ನು ಧಾರವಾಡದ ಯಂತ್ರಕ್ಕೆ ಕಳುಹಿಸಲು ೮,೦೦೦ ಸೆಕೆಂಡುಗಳು, ಎಂದರೆ ಸುಮಾರು ೨ ಗಂಟೆ ೧೩ ನಿಮಿಷಗಳು ಬೇಕು. ೪೫೦ ಚಿತ್ರಗಳು ಹೋದ ಮೇಲೆ ವಿದ್ಯುತ್ತು ನಿಂತಿತೆಂದುಕೊಂಡರೆ, ಎಸ್‌ಸಿಪಿಗೆ ಹಿಂದಿನ ನೆನಪಿಲ್ಲ. ಅದೇ ಆದೇಶವನ್ನು ಮತ್ತೆ ಕೊಟ್ಟರೆ ಮೊದಲಿನಿಂದ ಆರಂಭಿಸುತ್ತದೆ.

ಈ ಕಷ್ಟವನ್ನು ಬಗೆಹರಿಸಿದ ಸಾಧನವೇ ಆರ್‌ಸಿಂಕ್. ಆಸ್ಟ್ರೇಲಿಯದ ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ ಅವರು ೧೯೯೬ರಲ್ಲಿ ಇದನ್ನು ಪ್ರಕಟಿಸಿದರು. ಕಳುಹಿಸುವ ಮುನ್ನ ಅದು ಎರಡೂ ಕಡೆಯ ಪಟ್ಟಿಗಳನ್ನು ಹೋಲಿಸುತ್ತದೆ. ಹೆಸರು, ಗಾತ್ರ ಮತ್ತು ಕೊನೆಯ ಬಾರಿ ತಿದ್ದಿದ ವೇಳೆ ಹೊಂದಿದ ಕಡತಗಳನ್ನು ಬಿಟ್ಟು, ಉಳಿದುದನ್ನಷ್ಟೇ ಒಯ್ಯುತ್ತದೆ. ಮೇಲಿನ ಉದಾಹರಣೆಯಲ್ಲಿ ಉಳಿದ ೫೦ ಚಿತ್ರಗಳಿಗೆ ೮೦೦ ಸೆಕೆಂಡುಗಳು, ಸುಮಾರು ೧೩ ನಿಮಿಷಗಳು ಸಾಕು. ಆದರೆ ಕಡತದ ವೇಳೆಯನ್ನೂ ಜೊತೆಯಲ್ಲಿ ಒಯ್ಯಬೇಕೆಂದು ‘ಎ’ ಎಂಬ ಸೂಚನೆಯಿಂದ ತಿಳಿಸಿರಬೇಕು. ಇಲ್ಲವಾದರೆ ಎರಡೂ ಕಡೆಯ ವೇಳೆಗಳು ಹೊಂದದೆ, ಬಂದಿರುವ ಕಡತಗಳ ಮೇಲೂ ಮತ್ತೆ ಶ್ರಮ ವ್ಯಯವಾಗುತ್ತದೆ.

ಆರ್‌ಸಿಂಕ್‌ನ ನಿಜವಾದ ಚಾತುರ್ಯವು ತಿದ್ದುಪಡಿಯಾದ ದೊಡ್ಡ ಕಡತಗಳ ವಿಷಯದಲ್ಲಿ ಕಾಣುತ್ತದೆ. ಗ್ರಂಥಾಲಯದ ಸೂಚಿಯಲ್ಲಿ ನಡುವೆ ನಾಲ್ಕು ಸಾಲುಗಳು ಸೇರಿದವೆಂದರೆ ಅದರಿಂದಾಚೆಗಿನ ಅಕ್ಷರಗಳೆಲ್ಲ ಸ್ಥಾನಪಲ್ಲಟವಾಗುತ್ತವೆ. ಸ್ಥಾನವನ್ನು ಹಿಡಿದು ಹೋಲಿಸಿದರೆ ಎಲ್ಲವೂ ಬದಲಾದಂತೆ ತೋರುತ್ತದೆ. ಆರ್‌ಸಿಂಕ್ ಹೀಗೆ ಮಾಡುತ್ತದೆ: ಹಳೆಯ ಪ್ರತಿ ಇರುವ ಯಂತ್ರವು ಅದನ್ನು ಸಮಗಾತ್ರದ ತುಂಡುಗಳನ್ನಾಗಿ ಎಣಿಸಿ, ಒಂದೊಂದು ತುಂಡಿಗೂ ಎರಡು ತಾಳೆಸಂಖ್ಯೆಗಳನ್ನು ಕಳುಹಿಸುತ್ತದೆ. ಒಂದು ಬೇಗನೆ ಗುಣಿಸಬಹುದಾದ ಸರಳ ಸಂಖ್ಯೆ, ಇನ್ನೊಂದು ನಿಖರವಾದ ಕಠಿಣ ಸಂಖ್ಯೆ. ಹೊಸ ಪ್ರತಿ ಇರುವ ಯಂತ್ರವು ತನ್ನ ಕಡತದ ಮೇಲೆ ಅದೇ ಗಾತ್ರದ ಕಿಟಕಿಯೊಂದನ್ನು ಒಂದೊಂದೇ ಬೈಟಿನಂತೆ ಸರಿಸುತ್ತ ಹೊಂದುವ ತುಂಡುಗಳನ್ನು ಹುಡುಕುತ್ತದೆ. ಪ್ರತಿ ಹೆಜ್ಜೆಗೂ ಮೊದಲಿನಿಂದ ಕೂಡುವ ಶ್ರಮ ಬೇಡ. ೪, ೭, ೨, ೯, ೫ ಇವುಗಳ ಮೊತ್ತ ೨೭. ಮುಂದಿನ ಸಂಖ್ಯೆ ೬ ಆದರೆ, ೨೭ರಿಂದ ಹಿಂದಿನ ೪ನ್ನು ಕಳೆದು ೬ನ್ನು ಕೂಡಿದರೆ ಹೊಸ ಮೊತ್ತ ೨೯ ದೊರೆಯುತ್ತದೆ. ಸರಳ ಸಂಖ್ಯೆಯ ಮೂಲತತ್ತ್ವ ಇಷ್ಟೇ. ಅದು ಹೊಂದಿದಲ್ಲಿ ಮಾತ್ರ ಕಠಿಣ ಸಂಖ್ಯೆಯಿಂದ ಖಚಿತಪಡಿಸಿಕೊಳ್ಳುತ್ತದೆ. ಹೊಂದಿದ ತುಂಡುಗಳ ಬದಲಿಗೆ ‘ನಿನ್ನಲ್ಲಿರುವ ಇಂತಿಷ್ಟನೆಯದು’ ಎಂಬ ಚೀಟಿಯೂ, ಹೊಸ ನಾಲ್ಕು ಸಾಲುಗಳ ಮಾತುಗಳೂ ಜಾಲದಲ್ಲಿ ಸಾಗುತ್ತವೆ. ಅತ್ತಣ ಯಂತ್ರವು ಅವನ್ನು ಜೋಡಿಸಿ ಪೂರ್ಣ ಪ್ರತಿಯನ್ನು ಸಿದ್ಧಪಡಿಸಿಕೊಳ್ಳುತ್ತದೆ.

ಇಷ್ಟು ಸಮರ್ಥವಾದ ಆಳಿನೊಡನೆ ಮಾತನಾಡುವಾಗ ಎಚ್ಚರವೂ ಅಷ್ಟೇ ಬೇಕು. ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಓರೆಗೆರೆ ಇದ್ದರೆ ಒಳಗಿನ ಕಡತಗಳು ಮಾತ್ರ ಹೋಗುತ್ತವೆ. ಇಲ್ಲದಿದ್ದರೆ ಫೋಲ್ಡರೇ ಹೋಗುತ್ತದೆ. ‘ಡಿಲೀಟ್’ ಎಂಬ ಸೂಚನೆಯು ಮೂಲದಲ್ಲಿ ಇಲ್ಲದ ಕಡತಗಳನ್ನು ಪ್ರತಿಯಿಂದಲೂ ಅಳಿಸುತ್ತದೆ. ಮೂಲದ ಫೋಲ್ಡರು ಆಕಸ್ಮಿಕವಾಗಿ ಬರಿದಾಗಿದ್ದ ದಿನ ಆ ಆದೇಶವು ನಡೆದರೆ, ಕಾಪಾಡಲೆಂದು ಇಟ್ಟ ಪ್ರತಿಯೂ ಬರಿದಾಗುತ್ತದೆ. ಆದಕಾರಣ ‘ಎನ್’ ಎಂಬ ಸೂಚನೆಯಿಂದ ಮೊದಲು ಒಣ ತಾಲೀಮು ನಡೆಸಿ, ಏನೇನು ಹೋಗುವುದು, ಏನೇನು ಅಳಿಯುವುದು ಎಂಬ ಪಟ್ಟಿಯನ್ನು ಓದಿ, ಆಮೇಲೆ ನಿಜವಾದ ಆದೇಶವನ್ನು ಕೊಡುವುದು ವಿವೇಕ.

ತಾಳೆ ನೋಡುವ ಬಗೆ

ಭಾರತದ ಹಸ್ತಪ್ರತಿ ಪರಂಪರೆಯಲ್ಲಿ ೩೨ ಅಕ್ಷರಗಳಿಗೆ ಒಂದು ‘ಗ್ರಂಥ’ವೆಂಬ ಅಳತೆಯುಂಟು. ಲಿಪಿಕಾರನು ಕೊನೆಯಲ್ಲಿ ಗ್ರಂಥಸಂಖ್ಯೆಯನ್ನು ನಮೂದಿಸಿದ್ದರೆ, ನಕಲಿನಲ್ಲಿ ಏನಾದರೂ ಬಿಟ್ಟುಹೋಗಿದೆಯೇ ಎಂಬುದನ್ನು ಎಣಿಸಿ ತಿಳಿಯಬಹುದಾಗಿತ್ತು. ಗಣಕಯಂತ್ರದಲ್ಲಿ ಈ ಕಾರ್ಯವನ್ನು ತಾಳೆಸಂಖ್ಯೆಯು ಮಾಡುತ್ತದೆ. ಶಾ-೨೫೬ ಎಂಬ ವಿಧಾನವು ಎಷ್ಟೇ ದೊಡ್ಡ ಕಡತವಿರಲಿ, ಅದರಿಂದ ೬೪ ಅಂಕಾಕ್ಷರಗಳ ಒಂದು ಗುರುತನ್ನು ತೆಗೆಯುತ್ತದೆ. ಕಡತದಲ್ಲಿ ಒಂದೇ ಒಂದು ಚುಕ್ಕೆ ಬದಲಾದರೂ ಗುರುತು ಸಂಪೂರ್ಣವಾಗಿ ಬೇರೆಯಾಗುತ್ತದೆ. ಕಳುಹಿಸುವ ಮುನ್ನ ಒಮ್ಮೆ, ತಲಪಿದ ಮೇಲೆ ಒಮ್ಮೆ ಈ ಗುರುತನ್ನು ತೆಗೆದು ಹೋಲಿಸಿದರೆ ಸಂದೇಹಕ್ಕೆ ಎಡೆಯಿರದು. ಪಟ್ಟಿಯನ್ನು ಕಾದಿರಿಸಿದರೆ, ಹತ್ತು ವರ್ಷಗಳ ಅನಂತರವೂ ಕಡತವು ಕೆಟ್ಟಿಲ್ಲವೆಂಬುದನ್ನು ಅದರಿಂದಲೇ ಪರೀಕ್ಷಿಸಬಹುದು.

ಕನ್ನಡಿಗರಿಗೆ ಸಂಬಂಧಿಸಿದ ಇನ್ನೊಂದು ಮಾತನ್ನು ಇಲ್ಲಿ ಹೇಳಬೇಕು. ಕಡತವು ಅಕ್ಷರಶಃ ಸರಿಯಾಗಿ ತಲಪಿಯೂ ಓದಲಾರದಂತೆ ಇರುವುದುಂಟು. ಹಿಂದೆ ಕನ್ನಡವನ್ನು ಬೆರಳಚ್ಚಿಸುತ್ತಿದ್ದ ತಂತ್ರಾಂಶಗಳಲ್ಲಿ ರೋಮನ್ ಅಕ್ಷರಗಳ ಸಂಖ್ಯೆಗಳಿಗೆ ಕನ್ನಡದ ಆಕೃತಿಗಳನ್ನು ಹೊಂದಿಸಿರುತ್ತಿದ್ದರು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ವಚನವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ೧೯೯೧ರಲ್ಲಿ ಬಂದ ಯೂನಿಕೋಡ್ ಕನ್ನಡಕ್ಕೆ ತನ್ನದೇ ಆದ ಸಂಖ್ಯೆಗಳನ್ನು ನೀಡಿತು. ಯುಟಿಎಫ್-೮ ಎಂಬ ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ೩ ಬೈಟುಗಳು. ‘ಮೈಸೂರು’ ಎಂಬ ಪದದಲ್ಲಿ ಮೂರು ವ್ಯಂಜನಗಳೂ ಮೂರು ಸ್ವರಚಿಹ್ನೆಗಳೂ ಸೇರಿ ೧೮ ಬೈಟುಗಳಾಗುತ್ತವೆ. ಓಲೆಕಾರನು ಬೈಟುಗಳನ್ನು ಒಯ್ಯುತ್ತಾನೆಯೇ ಹೊರತು ಅರ್ಥವನ್ನಲ್ಲ. ಹಳೆಯ ಕಡತಗಳನ್ನು ಯೂನಿಕೋಡಿಗೆ ಮಾರ್ಪಡಿಸಿಡುವುದು ಬರೆದವರ ಹೊಣೆ. ರಾಜ್ಯ ಸರ್ಕಾರವು ೧೫ ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನ ಸಾಹಿತ್ಯವನ್ನು ಯೂನಿಕೋಡಿನಲ್ಲಿ ಹುಡುಕುವಂತೆ ಮಾಡಿದ ‘ವಚನ ಸಂಚಯ’ದ ಜಾಲತಾಣವು ಇಂಥ ಮಾರ್ಪಾಟಿನ ಸಫಲತೆಗೆ ಸಾಕ್ಷಿಯಾಗಿದೆ.

ಪ್ರತಿ ಉಳಿದರೆ ಕೃತಿ ಉಳಿದೀತು

ವಚನ ಸಾಹಿತ್ಯವು ಇಂದಿಗೂ ದೊರೆಯುತ್ತಿರುವುದು ಅದನ್ನು ತಲೆಮಾರಿನಿಂದ ತಲೆಮಾರಿಗೆ ನಕಲು ಮಾಡಿದವರ ಪುಣ್ಯದಿಂದ. ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಮನೆಮನೆಗಳಿಂದ ತಾಡವೋಲೆಗಳನ್ನು ಸಂಗ್ರಹಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, ಮುಂದೆ ತಮ್ಮದೇ ಮುದ್ರಣಾಲಯವನ್ನು ಸ್ಥಾಪಿಸಿದರು. ಕಟ್ಟುಗಳಲ್ಲಿ ಅಡಗಿದ್ದ ಮಾತುಗಳು ಮುದ್ರಣದಿಂದ ಸಾವಿರಾರು ಪ್ರತಿಗಳಾಗಿ ನಾಡಿನಲ್ಲಿ ಹರಡಿದವು. ಮೈಸೂರಿನ ಪ್ರಾಚ್ಯ ಕೋಶಾಗಾರಕ್ಕೆ ೧೯೦೫ರಲ್ಲಿ ಬಂದ ಒಂದು ಓಲೆಯ ಕಟ್ಟಿನಿಂದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ ೧೯೦೯ರಲ್ಲಿ ಪ್ರಕಟಿಸಿದುದೂ ಇಂಥದೇ ಕಥೆ. ಆ ಒಂದು ಕಟ್ಟು ಗೆದ್ದಲಿನ ಪಾಲಾಗಿದ್ದರೆ ಆ ಗ್ರಂಥವು ಬೆಳಕಿಗೆ ಬರುವುದು ಇನ್ನೆಷ್ಟು ಕಾಲ ತಡೆಯುತ್ತಿತ್ತೋ ಹೇಳಲಾಗದು.

ಗಣಕಯಂತ್ರದ ಕಾಲದಲ್ಲಿಯೂ ಈ ಅಪಾಯವು ತಪ್ಪಿಲ್ಲ. ಈ ಶತಮಾನದ ಆದಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಮೂಡಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಯೋಜನೆಯು, ಕನ್ನಡದ ಸಾವಿರಾರು ಹಳೆಯ ಪುಸ್ತಕಗಳೂ ಸೇರಿದಂತೆ ಲಕ್ಷಾಂತರ ಗ್ರಂಥಗಳ ಪುಟಗಳನ್ನು ಚಿತ್ರಗಳಾಗಿ ಜಾಲದಲ್ಲಿ ಇರಿಸಿತ್ತು. ಒಂದೊಂದು ಪುಟವೂ ಒಂದೊಂದು ಕಡತವಾಗಿದ್ದುದರಿಂದ, ಪುಸ್ತಕಪ್ರಿಯರು ಡಬ್ಲ್ಯುಗೆಟ್‌ನಂತಹ ಸಾಧನಗಳಿಂದ ಅವನ್ನು ಸಾಲಾಗಿ ತರಿಸಿ ಕೂಡಿಸಿಕೊಳ್ಳುತ್ತಿದ್ದರು. ಕಾಲಾನಂತರ ಆ ಜಾಲತಾಣವು ಓದುಗರಿಗೆ ದೊರೆಯದಾಯಿತು. ಆದರೆ ಅಷ್ಟರೊಳಗೆ ಆ ಸಂಗ್ರಹದ ಬಹುಭಾಗವು ಅಮೆರಿಕದ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯಲ್ಲಿ ನಕಲಾಗಿತ್ತು. ಇಂದು ಅನೇಕ ಕನ್ನಡ ಪುಸ್ತಕಗಳನ್ನು ಓದುಗರು ಪಡೆಯುತ್ತಿರುವುದು ಆ ನಕಲಿನಿಂದಲೇ. ಮೂಲವು ಕಣ್ಮರೆಯಾದಾಗ ಪ್ರತಿಯೇ ಮೂಲವಾಯಿತು.

ಪ್ರತಿಯೊಂದು ಹಳೆಯ ಶಾಲೆಯಲ್ಲಿಯೂ ದಾಖಲಾತಿ ಪುಸ್ತಕಗಳು, ವಾರ್ಷಿಕ ಸಂಚಿಕೆಗಳು, ಸಮಾರಂಭಗಳ ಭಾವಚಿತ್ರಗಳು ಇದ್ದೇ ಇರುತ್ತವೆ. ಇವು ಬೇರೆಲ್ಲಿಯೂ ಸಿಗಲಾರವು. ಇವನ್ನು ಚಿತ್ರೀಕರಿಸಿ ಒಂದೇ ಯಂತ್ರದಲ್ಲಿ ತುಂಬಿಟ್ಟರೆ ಕಾರ್ಯವು ಅರ್ಧ ಮಾತ್ರ ಆದಂತೆ. ಒಂದು ಪ್ರತಿ ಶಾಲೆಯ ಯಂತ್ರದಲ್ಲಿ, ಒಂದು ಪ್ರತಿ ಯಂತ್ರದಿಂದ ಬೇರ್ಪಡಿಸಿ ಬೀರುವಿನಲ್ಲಿಟ್ಟ ಡಿಸ್ಕಿನಲ್ಲಿ, ಮತ್ತೊಂದು ಪ್ರತಿ ಬೇರೊಂದು ಊರಿನಲ್ಲಿ ಇರಬೇಕು. ಊರಾಚೆಯ ಪ್ರತಿಯನ್ನು ಆರ್‌ಸಿಂಕ್ ಮೂಲಕ ವಾರಕ್ಕೊಮ್ಮೆ ಹೊಂದಿಸುತ್ತಿರಬೇಕು. ವರ್ಷಕ್ಕೊಮ್ಮೆ, ಶಾಲೆಯು ಪ್ರಾರಂಭವಾಗುವ ಮುನ್ನ, ತಾಳೆಸಂಖ್ಯೆಗಳ ಪಟ್ಟಿಯನ್ನು ಹಿಡಿದು ಮೂರೂ ಪ್ರತಿಗಳನ್ನು ಪರೀಕ್ಷಿಸಬೇಕು. ಒಂದೆರಡು ಕಡತಗಳನ್ನು ಪ್ರತಿಯಿಂದ ಮರಳಿ ತರಿಸಿ ತೆರೆದು ನೋಡಬೇಕು. ಆದೇಶಗಳನ್ನೂ ಅವುಗಳ ಅರ್ಥವನ್ನೂ ಕನ್ನಡದಲ್ಲಿ ಒಂದು ಪುಸ್ತಕದಲ್ಲಿ ಬರೆದು ಕಚೇರಿಯಲ್ಲಿ ಇರಿಸಬೇಕು. ಉಪಾಧ್ಯಾಯರಿಗೆ ಇದು ಒಂದೆರಡು ದಿನಗಳಲ್ಲಿ ಕೈವಶವಾಗುವ ವಿದ್ಯೆ. ದೂರದ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಈ ಸಾಧನಗಳನ್ನು ನಿತ್ಯವೂ ಬಳಸುವವರು ಅನೇಕರಿದ್ದಾರೆ; ಮೂರನೆಯ ಪ್ರತಿಗೆ ಸ್ಥಳವನ್ನೂ ಮೇಲ್ವಿಚಾರಣೆಯನ್ನೂ ಅವರು ಒದಗಿಸಬಹುದು. ಒಂದೆರಡು ಡಿಸ್ಕುಗಳ ವೆಚ್ಚವು ದಾನಿಗಳಿಗೆ ಭಾರವಾಗಲಾರದು. ಸಾಧನಗಳಾದ ಓಲೆಕಾರರಂತೂ ಸಂಬಳ ಕೇಳುವುದಿಲ್ಲ. ಅವರ ಕೈಗೆ ಓಲೆಯನ್ನು ಒಪ್ಪಿಸುವ ಕೆಲಸವಷ್ಟೇ ಉಳಿದಿದೆ.